ಕಿಡ್ನಿಯ ನರವೂ ಪರೇಲಿನ ಬೇರೂ

ಕುರ್ಲಾದ ಬಂಟರ ಭವನವಿರಲಿ, ಸಾಂತಾಕ್ರೂಜಿನ ಬಿಲ್ಲವರ ಭವನವಿರಲಿ, ಮಾಹಿಮಿನ ಕರ್ನಾಟಕ ಸಂಘವಿರಲಿ, ಕಾರ್ಯಕ್ರಮ ಮುಗಿಸಿ ಊಟಕ್ಕೆ ಸಾಲು ನಿಂತ ಐವತ್ತು ದಾಟಿದ ಮುಂಬಯಿ ಕನ್ನಡಿಗರ ಮಾತು ಊರಿನ ಜಾಗದ ತಕರಾರಿನಿಂದ ಶುರುವಾಗಿ, ಮಕ್ಕಳ ಮದುವೆಯನ್ನು ಹಾದು, ಬೀಪಿಗೆ ಬಂದು ನಿಲ್ಲುತ್ತದೆ. ಜಾಗದ ವಿಷಯ, ಮದುವೆಯ ವಿಷಯ ಎಂದರೆ ಸ್ವಲ್ಪ ಮುಚ್ಚುಮರೆ ಇದ್ದದ್ದೇ. ಬೀಪಿಗೆ ಅದಿಲ್ಲ. "ನಿಮ್ಮದೆಷ್ಟು?" ಎಂದು ಕೇಳಿದರೆ ಸಾಕು, ಮೇಲಿನದು ಕೆಳಗಿನದು ಎರಡನ್ನೂ ಹೇಳಿ, ಯಾವ ಡಾಕ್ಟರು, ಯಾವ ಮಾತ್ರೆ, ಎಷ್ಟು ವರ್ಷದಿಂದ ಎಂದು ಪೂರ್ತಿ ಚರಿತ್ರೆ ಬಿಚ್ಚಿಡುತ್ತಾರೆ. ಮಹಾನಗರಪಾಲಿಕೆಯು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಈ ನಗರದ ವಯಸ್ಕರಲ್ಲಿ ಶೇ. 34 ಮಂದಿಗೆ ರಕ್ತದೊತ್ತಡ ಹೆಚ್ಚಿರುವುದು ಕಂಡುಬಂತು. ಮೂವರಲ್ಲಿ ಒಬ್ಬರು. ನಮ್ಮ ವಯಸ್ಸಿನವರನ್ನೇ ಎಣಿಸಿದರೆ ಪಾಲು ಇನ್ನೂ ದೊಡ್ಡದಾದೀತು.

ಇತ್ತೀಚೆಗೆ ಈ ಮಾತುಕತೆಯಲ್ಲಿ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. ಡೊಂಬಿವಲಿಯಲ್ಲಿರುವ ನನ್ನ ಭಾವ ಫೋರ್ಟಿನ ಹೋಟೆಲೊಂದರಲ್ಲಿ ಮ್ಯಾನೇಜರು. ಅವರ ಮಗ ಮೊಬೈಲಿನಲ್ಲಿ ಏನನ್ನೋ ಓದಿ ಹೇಳಿದ್ದ. "ಕಿಡ್ನಿಗೆ ಹೋಗುವ ನರ ಸುಟ್ಟರೆ ಬೀಪಿ ಇಳೀತದಂತೆ, ಹೌದಾ ಮಾರಾಯಾ? ನೀನು ಔಷಧದ ಕಂಪನಿಯಲ್ಲಿ ಇದ್ದವ, ಹೇಳು. ನಾಲ್ಕು ಮಾತ್ರೆ ಉಂಟು ನನಗೆ, ಆದ್ರೂ ನೂರ ಎಪ್ಪತ್ತರಿಂದ ಕೆಳಗೆ ಬರುವುದಿಲ್ಲ. ಇದನ್ನು ಮಾಡಿಸಿಕೊಂಡ್ರೆ ಮಾತ್ರೆ ಬಿಡಬಹುದಾ?"

ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವ ವಿಷಯ ಇದಲ್ಲ. ಅದರ ಹೆಸರು ರೀನಲ್ ಡಿನರ್ವೇಶನ್. ಆಂಜಿಯೋಗ್ರಫಿ ಮಾಡುವ ಕೋಣೆಯಲ್ಲೇ, ಆಂಜಿಯೋಗ್ರಫಿ ಮಾಡುವವರೇ ಇದನ್ನೂ ಮಾಡುತ್ತಾರೆ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆಯೊಂದನ್ನು ತೂರಿಸಿ ಕಿಡ್ನಿಗೆ ರಕ್ತ ಒಯ್ಯುವ ನಾಳದವರೆಗೆ ತಲುಪಿಸುತ್ತಾರೆ. ಆ ನಾಳದ ಹೊರಪದರದಲ್ಲಿ, ಒಳಗೋಡೆಯಿಂದ ಕೆಲವೇ ಮಿಲಿಮೀಟರ್ ಆಚೆಗೆ, ಸಿಂಪಥೆಟಿಕ್ ನರಗಳ ಎಳೆಗಳು ಹಬ್ಬಿಕೊಂಡಿರುತ್ತವೆ. ಕೊಳವೆಯ ತುದಿಯಿಂದ ಶಾಖ ಕೊಟ್ಟು, ನಾಳಕ್ಕೆ ಪೆಟ್ಟಾಗದಂತೆ, ಆ ಎಳೆಗಳನ್ನು ಮಾತ್ರ ಸುಡುವುದು ಇದರ ಉದ್ದೇಶ. ಮೆಡ್‌ಟ್ರಾನಿಕ್ ಕಂಪನಿಯ ಸಲಕರಣೆಯಲ್ಲಿ ಸುರುಳಿಯಾಗಿ ಬಿಚ್ಚಿಕೊಳ್ಳುವ ತಂತಿಯ ಮೇಲೆ ನಾಲ್ಕು ಬಿಂದುಗಳಿವೆ. ಅವು ರೇಡಿಯೋ ತರಂಗದಿಂದ ಸುಮಾರು ಒಂದು ನಿಮಿಷ ಶಾಖ ಕೊಡುತ್ತವೆ. ರೀಕೋರ್ ಕಂಪನಿಯದರಲ್ಲಿ ಪುಟ್ಟ ಬಲೂನು, ಅದರೊಳಗೆ ಅಲ್ಟ್ರಾಸೌಂಡ್. ಒಂದು ಸಲಕ್ಕೆ ಏಳು ಸೆಕೆಂಡು ಹೊಮ್ಮಿಸಿದರೆ ಸಾಕು. ಅಷ್ಟು ಹೊತ್ತೂ ಬಲೂನಿನಲ್ಲಿ ಹರಿಯುವ ನೀರು ನಾಳದ ಒಳಗೋಡೆಯನ್ನು ತಂಪಾಗಿಡುತ್ತದೆ. ನರ ಸುಡುವಾಗ ನೋವಾಗುತ್ತದೆ, ಆದ್ದರಿಂದ ಮಂಪರಿನ ಔಷಧ ಕೊಡುತ್ತಾರೆ. ಹೊಟ್ಟೆ ಕೊಯ್ಯುವ ಪ್ರಸಂಗವಿಲ್ಲ.

ಆ ನರಕ್ಕೂ ಬೀಪಿಗೂ ಏನು ನಂಟು ಎಂದು ಭಾವನಿಗೆ ಹೇಳಲು ನನಗೆ ಅವರ ಹೋಟೆಲೇ ಒದಗಿತು. ಗಲ್ಲಾದಿಂದ ಅಡುಗೆಮನೆಗೆ ಆರ್ಡರು ಕೂಗುತ್ತಾರೆ, ಅಡುಗೆಮನೆಯಿಂದಲೂ ಗಲ್ಲಾಕ್ಕೆ ಮರುಕೂಗು ಬರುತ್ತದೆ. ಮಿದುಳು ಮತ್ತು ಕಿಡ್ನಿಯ ನಡುವೆಯೂ ನರಗಳ ಮೂಲಕ ಎರಡು ಕಡೆಯಿಂದ ಕೂಗಾಟ ನಡೆದೇ ಇರುತ್ತದೆ. ಮಿದುಳಿನ ಕೂಗಿಗೆ ಕಿಡ್ನಿ ಉಪ್ಪನ್ನು ಹಿಡಿದಿಡುತ್ತದೆ, ರೆನಿನ್ ಎಂಬ ರಸ ಸುರಿಸುತ್ತದೆ, ತನ್ನ ರಕ್ತನಾಳಗಳನ್ನು ಬಿಗಿಯುತ್ತದೆ. ಕಿಡ್ನಿಯ ಕೂಗಿಗೆ ಮಿದುಳು ಇಡೀ ಮೈಯ ನಾಳಗಳನ್ನೇ ಬಿಗಿಯುತ್ತದೆ. ಹೆಚ್ಚು ಬೀಪಿ ಇರುವ ಅನೇಕರಲ್ಲಿ ಈ ಕೂಗಾಟ ಅತಿಯಾಗಿರುತ್ತದೆ ಎಂಬುದನ್ನು ಮೆಲ್ಬರ್ನಿನ ಮರ್ರೇ ಎಸ್ಲರ್ ಎಂಬ ವಿಜ್ಞಾನಿ, ಕಿಡ್ನಿಯಿಂದ ಹೊರಬರುವ ರಕ್ತದಲ್ಲಿ ನರಗಳು ಚೆಲ್ಲಿದ ನಾರ್‌ಅಡ್ರಿನಲಿನ್ ಎಷ್ಟೆಂದು ಅಳೆದು ತೋರಿಸಿದರು. ಡಿನರ್ವೇಶನ್ ಮಾಡುವುದು ಇಷ್ಟೇ: ಎರಡು ಕಡೆಯ ದನಿಯನ್ನೂ ತಗ್ಗಿಸುವುದು.

ಇಲ್ಲಿ ನಾನು ಸ್ವಲ್ಪ ಪರೇಲಿನ ಕಡೆಗೆ ತಿರುಗಬೇಕು. ಸಿಂಪಥೆಟಿಕ್ ನರಗಳ ದನಿ ತಗ್ಗಿಸಿ ಬೀಪಿ ಇಳಿಸುವ ವಿಷಯದಲ್ಲಿ ಮುಂಬಯಿಗೆ ಇರುವಷ್ಟು ಹಕ್ಕು ಜಗತ್ತಿನ ಹೆಚ್ಚು ಊರುಗಳಿಗಿಲ್ಲ. ಹೊಸ ಚಿಕಿತ್ಸೆಯ ಸುದ್ದಿ ಹೇಳುವವರು ಇದನ್ನು ಹೇಳದೆ ಬಿಡುತ್ತಾರೆ, ಅದು ನನಗೆ ಬೇಸರ.

ಸರ್ಪಗಂಧ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಗಿಡ. ಹಾವು ಕಡಿತಕ್ಕೆ, ಬುದ್ಧಿಭ್ರಮೆಗೆ, ನಿದ್ದೆ ಬಾರದವರಿಗೆ ಅದರ ಬೇರು ಕೊಡುವ ವಾಡಿಕೆ ದೇಶದ ನಾನಾ ಕಡೆ ಇತ್ತು. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಈ ಬೇರು ಬೀಪಿಯನ್ನೂ ಇಳಿಸುತ್ತದೆ ಎಂದು ಬರೆದರು. ಅದೇ ವರ್ಷ ದಿಲ್ಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅದರಿಂದ ಕೆಲವು ಕ್ಷಾರಗಳನ್ನು ಬೇರ್ಪಡಿಸಿ, ಹಕೀಂ ಅಜ್ಮಲ್ ಖಾನರ ನೆನಪಿಗೆ ಒಂದಕ್ಕೆ ಅಜ್ಮಲಿನ್ ಎಂದು ಹೆಸರಿಟ್ಟರು. 1934ರಲ್ಲಿ ಹಿಮಾಲಯ ಕಂಪನಿ ಸರ್ಪಿನಾ ಎಂಬ ಮಾತ್ರೆಯನ್ನೇ ಮಾರುಕಟ್ಟೆಗೆ ತಂದಿತು. ಈಗ ಬೆಂಗಳೂರಿನಲ್ಲಿ ನೆಲೆಯೂರಿರುವ ಅದೇ ಹಿಮಾಲಯ. ಇಷ್ಟೆಲ್ಲ ಆದರೂ ಹೊರಗಿನ ವೈದ್ಯಲೋಕ ಕಣ್ಣೆತ್ತಿ ನೋಡಲಿಲ್ಲ. ಕೊಟ್ಟವರಿದ್ದರು, ಗುಣ ಕಂಡವರಿದ್ದರು. ಕ್ರಮವಾಗಿ ಅಳೆದು ಬರೆದವರು ಬೇಕಿತ್ತು.

ಬರೆದವರು ಡಾ. ರುಸ್ತುಂ ಜಾಲ್ ವಕೀಲ್. 1911ರಲ್ಲಿ ಹುಟ್ಟಿದ ಪಾರ್ಸಿ, ಲಂಡನ್ನಿನಲ್ಲಿ ಓದಿ ಬಂದವರು, ಪರೇಲಿನ ಕೆಇಎಂ ಆಸ್ಪತ್ರೆಯ ವೈದ್ಯರು. ಈ ಆಸ್ಪತ್ರೆಯ ಹಿನ್ನೆಲೆಯೂ ತಿಳಿದಿರಬೇಕಾದದ್ದೇ. ಸೇಠ್ ಗೋವರ್ಧನದಾಸ್ ಸುಂದರದಾಸರ ದತ್ತಿಯಿಂದ ಎದ್ದ ಕಾಲೇಜು, ಅದರ ಮಗ್ಗುಲಿಗೆ 1926ರಲ್ಲಿ ತೆರೆದ ಆಸ್ಪತ್ರೆ. ಕಲಿಸುವವರು ಭಾರತೀಯರೇ ಆಗಿರಬೇಕು, ಸರ್ಕಾರಿ ನೌಕರಿಯಲ್ಲಿ ಇಲ್ಲದವರಾಗಿರಬೇಕು ಎಂಬ ಷರತ್ತಿನ ಮೇಲೆ ದತ್ತಿ ಕೊಟ್ಟಿದ್ದರು. ಬ್ರಿಟಿಷರ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಅಂಥ ಜಾಗದಲ್ಲಿ ದುಡಿದ ವಕೀಲರು 50 ಮಂದಿ ರೋಗಿಗಳಿಗೆ ಸರ್ಪಗಂಧ ಕೊಟ್ಟು, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದನ್ನು ಪಟ್ಟಿ ಮಾಡಿ, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಬೋಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಅದರ ಜಾಡು ಹಿಡಿದು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸಿಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಎಂಬ ಶುದ್ಧ ಔಷಧ ತೆಗೆದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು.

ರಿಸರ್ಪಿನ್ ಕೆಲಸ ಮಾಡುವುದು ಹೇಗೆ ಗೊತ್ತೇ? ಸಿಂಪಥೆಟಿಕ್ ನರದ ತುದಿಯಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ದಾಸ್ತಾನನ್ನು ಅದು ಬರಿದು ಮಾಡುತ್ತದೆ. ನರ ಇದ್ದಲ್ಲೇ ಇರುತ್ತದೆ, ಹೇಳಲು ದನಿ ಇರುವುದಿಲ್ಲ. ಇಂದು ಕೊಳವೆ ತೂರಿಸಿ ಮಾಡುವ ಕೆಲಸದ ಹಿರಿಯ ಬಂಧು ಪರೇಲಿನ ಆ ಮಾತ್ರೆ. ಬೀಪಿ ಇಳಿಸಿದರೆ ಜೀವ ಉಳಿಯುತ್ತದೆ ಎಂದು ಗಟ್ಟಿಯಾಗಿ ಸಾಬೀತು ಮಾಡಿದ ಮೊದಲ ದೊಡ್ಡ ಪ್ರಯೋಗ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 1967ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೊಟ್ಟ ಮೂರು ಔಷಧಗಳಲ್ಲಿ ಒಂದು ರಿಸರ್ಪಿನ್. 143 ಗಂಡಸರು, ಹುಸಿ ಮಾತ್ರೆ ನುಂಗಿದವರ ಗುಂಪಿನಲ್ಲಿ 27 ದೊಡ್ಡ ಅನಾಹುತಗಳಾದವು, ನಿಜ ಮಾತ್ರೆಯವರಲ್ಲಿ 2. ಆಮೇಲೆ ರಿಸರ್ಪಿನ್ ಹಿಂದೆ ಸರಿಯಿತು. ಮೂಗು ಕಟ್ಟುತ್ತಿತ್ತು, ಕೆಲವರ ಮನಸ್ಸು ಮಂಕಾಗುತ್ತಿತ್ತು. ಮೈಯಲ್ಲಿರುವ ಎಲ್ಲ ಸಿಂಪಥೆಟಿಕ್ ನರಗಳ ದಾಸ್ತಾನೂ ಖಾಲಿಯಾದರೆ, ಮಿದುಳಿನದೂ ಖಾಲಿಯಾದರೆ, ಆಗುವುದು ಅದೇ.

ನರವನ್ನೇ ಕತ್ತರಿಸುವ ಯೋಚನೆ ಮಾತ್ರೆಗಿಂತ ಹಳೆಯದು. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಬೀಪಿ 300/190 ಇತ್ತು. ಜಗತ್ತಿನ ಅತ್ಯಂತ ಬಲಿಷ್ಠ ಮನುಷ್ಯನಿಗೆ ಕೊಡಲು ವೈದ್ಯರ ಬಳಿ ಉಪ್ಪಿನ ಪಥ್ಯ, ವಿಶ್ರಾಂತಿ, ನಿದ್ದೆಯ ಔಷಧ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆ ಕಾಲದಲ್ಲಿ ಬೋಸ್ಟನ್ನಿನ ಸರ್ಜನ್ ರೆಜಿನಾಲ್ಡ್ ಸ್ಮಿತ್‌ವಿಕ್ ಬೆನ್ನು ಕೊಯ್ದು ಬೆನ್ನುಮೂಳೆಯ ಪಕ್ಕದ ಸಿಂಪಥೆಟಿಕ್ ನರಗಳ ಸರಪಳಿಯನ್ನೇ ತೆಗೆಯುತ್ತಿದ್ದರು. 1953ರಲ್ಲಿ ಅವರು 1266 ಮಂದಿಯ ಲೆಕ್ಕ ಕೊಟ್ಟರು: ಐದು ವರ್ಷದೊಳಗೆ ಸತ್ತವರು ಕೊಯ್ಸಿಕೊಂಡವರಲ್ಲಿ ಶೇ. 19, ಕೊಯ್ಸಿಕೊಳ್ಳದವರಲ್ಲಿ ಶೇ. 54. ಆದರೆ ಬದುಕಿದವರು ಎದ್ದು ನಿಂತರೆ ತಲೆ ತಿರುಗಿ ಬೀಳುತ್ತಿದ್ದರು, ಮೈಯ ಅರ್ಧ ಭಾಗ ಬೆವರುತ್ತಿರಲಿಲ್ಲ. ಒಳ್ಳೆಯ ಮಾತ್ರೆಗಳು ಬರುತ್ತಿದ್ದಂತೆ ಆ ಕತ್ತಿಯನ್ನು ಯಾರೂ ಮುಟ್ಟಲಿಲ್ಲ. ಕಿಡ್ನಿಯ ನರವೊಂದನ್ನೇ, ಕತ್ತಿ ಇಲ್ಲದೆ, ಒಳಗಿನಿಂದಲೇ ಮುಟ್ಟಬಹುದೆಂದು ತೋರಿದ್ದು ಅರ್ಧ ಶತಮಾನದ ಮೇಲೆ, ಮೆಲ್ಬರ್ನಿನಲ್ಲಿ. 2009ರಲ್ಲಿ ಹೆನ್ರಿ ಕ್ರಮ್ ಮತ್ತು ಸಂಗಡಿಗರು ಲ್ಯಾನ್ಸೆಟ್ಟಿನಲ್ಲಿ ಬರೆದರು: ಚಿಕಿತ್ಸೆ ಪಡೆದ 45 ಮಂದಿ, ಒಂದು ವರ್ಷದಲ್ಲಿ ಮೇಲಿನ ಬೀಪಿ ಸರಾಸರಿ 27 ಇಳಿದಿದೆ. ಮರುವರ್ಷದ ಎರಡನೆಯ ಪ್ರಯೋಗದಲ್ಲಿ 32. ಜಗತ್ತೇ ಹಿರಿಹಿರಿ ಹಿಗ್ಗಿತು, ಕಂಪನಿಗಳು ಸಾಲುಗಟ್ಟಿ ಬಂದವು.

ಹಾಗೆ ಹಿಗ್ಗಿದಾಗ ಒಂದು ಸಣ್ಣ ಪ್ರಶ್ನೆ ಎಲ್ಲವನ್ನೂ ತಲೆಕೆಳಗು ಮಾಡಿತು: ಹುಸಿ ಚಿಕಿತ್ಸೆಯ ಗುಂಪು ಎಲ್ಲಿ? ಆಗ ಅಮೆರಿಕದಲ್ಲಿ 535 ಮಂದಿಯನ್ನು ಸೇರಿಸಿ ಮೂರನೆಯ ಪ್ರಯೋಗ ನಡೆಸಿದರು. ಅದರ ಮುಂದಾಳುಗಳಲ್ಲಿ ಒಬ್ಬರು ಭಾರತೀಯ ಮೂಲದ ಹೃದ್ರೋಗತಜ್ಞ ದೀಪಕ್ ಭಟ್. ಎಲ್ಲರನ್ನೂ ಮೇಜಿನ ಮೇಲೆ ಮಲಗಿಸಿದರು, ಎಲ್ಲರಿಗೂ ಮಂಪರು ಕೊಟ್ಟರು, ಎಲ್ಲರ ಕಣ್ಣಿಗೂ ಪಟ್ಟಿ, ಕಿವಿಗೆ ಸಂಗೀತ. ಎಲ್ಲರ ತೊಡೆಸಂದಿಗೂ ಕೊಳವೆ ಹಾಕಿ ಕಿಡ್ನಿಯ ನಾಳದ ಚಿತ್ರ ತೆಗೆದರು. ಅಲ್ಲಿಂದ ಮುಂದೆ ಕೆಲವರ ನರ ಸುಟ್ಟರು, ಉಳಿದವರದು ಬಿಟ್ಟರು. ತನಗೆ ಯಾವುದಾಯಿತೆಂದು ರೋಗಿಗೆ ತಿಳಿಯದು, ಮುಂದೆ ಬೀಪಿ ನೋಡುವವರಿಗೂ ತಿಳಿಯದು. ಆರು ತಿಂಗಳಾದ ಮೇಲೆ ನರ ಸುಡಿಸಿಕೊಂಡವರಲ್ಲಿ 14 ಇಳಿದಿತ್ತು, ಹುಸಿ ಚಿಕಿತ್ಸೆಯವರಲ್ಲಿ 12ರ ಹತ್ತಿರ. ವ್ಯತ್ಯಾಸ ಲೆಕ್ಕಕ್ಕೆ ಬರುವಂಥದಲ್ಲ. 2014ರಲ್ಲಿ ಇದು ಪ್ರಕಟವಾದಾಗ ಹಲವು ಕಂಪನಿಗಳು ಅಂಗಡಿ ಮುಚ್ಚಿದವು.

ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಇದೇ ಗೌರವದ ಅಧ್ಯಾಯ. ನರ ಸುಡಿಸಿಕೊಳ್ಳದವರ ಬೀಪಿ ಏಕೆ ಇಳಿಯಿತು ಎಂದು ಯೋಚಿಸಿ ನೋಡಿ. ಇಷ್ಟು ಜನ ಡಾಕ್ಟರುಗಳು ತನ್ನ ಕಡೆ ನೋಡುತ್ತಿದ್ದಾರೆ ಎಂದ ಮೇಲೆ ಮನುಷ್ಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾನೆ, ಉಪ್ಪಿನಕಾಯಿ ಬದಿಗೆ ಸರಿಸುತ್ತಾನೆ, ಗಾಬರಿ ಇಲ್ಲದೆ ಕೈ ಚಾಚಿ ಬೀಪಿ ಕೊಡುತ್ತಾನೆ. ಮೊದಲಿನ 27, 32ರಲ್ಲಿ ಇದೆಲ್ಲವೂ ಸೇರಿತ್ತು. ಇನ್ನೊಂದು ಮಗ್ಗುಲೂ ಇತ್ತು. ಸುಟ್ಟ ವೈದ್ಯರಲ್ಲಿ ಬಹಳ ಮಂದಿಗೆ ಆ ಕೆಲಸ ಹೊಸದು. ಒಂದೇ ಬಿಂದುವಿನ ಆ ಹಳೆಯ ಕೊಳವೆಯಿಂದ ನಾಳದ ಸುತ್ತಲೂ ಸರಿಯಾಗಿ ಸುಟ್ಟಿರಲಿಲ್ಲ. ಸುಟ್ಟಿತೋ ಇಲ್ಲವೋ ಎಂದು ಅಲ್ಲೇ ತೋರಿಸುವ ಅಳತೆಗೋಲು ಆಗ ಇರಲಿಲ್ಲ, ಈಗಲೂ ಸಾಮಾನ್ಯ ಬಳಕೆಯಲ್ಲಿಲ್ಲ. ಸೋತವರು ಸಲಕರಣೆ ತಿದ್ದಿದರು, ನಾಳದ ಕವಲುಗಳಲ್ಲೂ ಸುಡಲು ಕಲಿತರು, ಹುಸಿ ಚಿಕಿತ್ಸೆಯ ಗುಂಪನ್ನು ಇಟ್ಟುಕೊಂಡೇ ಮತ್ತೆ ಪ್ರಯೋಗಗಳನ್ನು ನಡೆಸಿದರು. ಈ ಸಲ ವ್ಯತ್ಯಾಸ ಕಂಡಿತು. 27 ಅಲ್ಲ, 32 ಅಲ್ಲ. ಅಳೆದ ಬಗೆಯ ಮೇಲೆ ಹೋಗಿ ಹುಸಿಗಿಂತ 4ರಿಂದ 7ರಷ್ಟು ಹೆಚ್ಚು ಇಳಿತ. 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹತ್ತು ದಿನಗಳ ಅಂತರದಲ್ಲಿ ಎರಡೂ ಸಲಕರಣೆಗಳಿಗೆ ಒಪ್ಪಿಗೆ ಕೊಟ್ಟಿತು.

"ಬರೀ ಐದಾ?" ಎಂದರು ಭಾವ. ಐದನ್ನು ಹಗುರಾಗಿ ಕಾಣಬಾರದು. ಬೇರೆ ಬೇರೆ ಪ್ರಯೋಗಗಳ ಲಕ್ಷಗಟ್ಟಲೆ ಮಂದಿಯ ಲೆಕ್ಕ ಒಟ್ಟುಗೂಡಿಸಿ 2021ರಲ್ಲಿ ಲ್ಯಾನ್ಸೆಟ್ಟಿನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಮೇಲಿನ ಬೀಪಿ 5 ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತಗಳು ಸುಮಾರು ಶೇ. 10 ಕಡಿಮೆಯಾಗುತ್ತವೆ. ಅದು ಮಾತ್ರೆಗಳಿಂದ ಇಳಿಸಿದ ಲೆಕ್ಕ. ಡಿನರ್ವೇಶನ್ ಪ್ರಯೋಗಗಳು ಅಳೆದದ್ದು ಬೀಪಿಯನ್ನು ಮಾತ್ರ, ಅನಾಹುತಗಳನ್ನಲ್ಲ. ಕೆಲವರಲ್ಲಿ ಏನೂ ಇಳಿಯುವುದಿಲ್ಲ, ಅದು ಯಾರಲ್ಲಿ ಎಂದು ಮೊದಲೇ ಹೇಳುವ ಪರೀಕ್ಷೆಯೂ ಇಲ್ಲ. ಇಳಿಯುವವರಲ್ಲಿ ಅದು ಹಗಲೂ ರಾತ್ರಿ ಇರುತ್ತದೆ. ಬೆಳಗಿನ ಜಾವ ಮಾತ್ರೆಯ ಬಲ ತೀರುವ ಹೊತ್ತಿಗೂ ಇರುತ್ತದೆ. ಖರ್ಚು ಲಕ್ಷಗಳಲ್ಲಿ. ಹೋಟೆಲಿನ ಮ್ಯಾನೇಜರಿಗೆ ಅದು ಒಂದು ಮದುವೆಯ ಖರ್ಚು.

ಹಾಗಾಗಿ ಅವರನ್ನು ದಾದರಿನ ಒಬ್ಬ ಹೃದ್ರೋಗತಜ್ಞರ ಬಳಿ ಕರೆದುಕೊಂಡು ಹೋದೆ. ಹಿರಿಯರು, ಅವಸರವಿಲ್ಲದವರು. ಭಾವ ಕೂತ ಕೂಡಲೇ ಡಿನರ್ವೇಶನ್ ವಿಷಯ ಎತ್ತಿದರು. ಡಾಕ್ಟರು ಕೇಳಿಸಿಕೊಂಡು, "ಮೊದಲು ಚೀಲ ಖಾಲಿ ಮಾಡಿ" ಎಂದರು. ಭಾವ ಹೋಟೆಲಿನ ಪಾರ್ಸೆಲ್ ಚೀಲವನ್ನು ಮೇಜಿನ ಮೇಲೆ ಸುರಿದರು. ನಾಲ್ಕು ಬಗೆಯ ಮಾತ್ರೆ. ಎರಡರ ಹಾಳೆಯನ್ನು ಅಂಗಡಿಯವ ಕತ್ತರಿಯಿಂದ ಅರ್ಧ ಕತ್ತರಿಸಿ ಕೊಟ್ಟಿದ್ದ, ಹೆಸರಿದ್ದ ತುದಿ ಅಂಗಡಿಯಲ್ಲೇ ಉಳಿದಿತ್ತು. ಅಮ್ಲೋಡಿಪಿನ್ ಮುಗಿಯುತ್ತಾ ಬಂದಿತ್ತು. ಮೂತ್ರ ಹೋಗಿಸುವ ಕ್ಲೋರ್‌ಥಾಲಿಡೋನ್ ಹಾಳೆಯಲ್ಲಿ ಮಾತ್ರ ಹದಿನೈದಕ್ಕೆ ಹದಿಮೂರು ಹಾಗೇ ಕೂತಿದ್ದವು. ಡಾಕ್ಟರು ಆ ಹಾಳೆಯನ್ನು ಎತ್ತಿ ಹಿಡಿದು, ಬೈಯದೆ, "ಇದು ಯಾಕೆ?" ಎಂದಷ್ಟೇ ಕೇಳಿದರು.

ಭಾವನ ಉತ್ತರ ಸರಳವಾಗಿತ್ತು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲಿನಲ್ಲೂ ಒಂದು ಗಂಟೆಯ ಮೇಲೆ ಬೇಕು. ಲೋಕಲಿನಲ್ಲಿ ಶೌಚಾಲಯವಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ ಹತ್ತಿದರೆ ಘಾಟ್ಕೋಪರ್ ದಾಟುವ ಹೊತ್ತಿಗೆ ತಡೆಯಲಾಗದು, ಇಳಿದರೆ ಮುಂದಿನ ಗಾಡಿ ಹತ್ತಲಾಗದು. "ಯಾರಿಗೆ ಹೇಳುವುದು ಡಾಕ್ಟ್ರೇ ಇದನ್ನು?" ಎಂದರು. ಈ ನಗರದಲ್ಲಿ ಮಾತ್ರೆಗೆ ಬಗ್ಗದ ಬೀಪಿ ಎಂದು ಕರೆಸಿಕೊಳ್ಳುವುದರಲ್ಲಿ ಎಷ್ಟು ಪಾಲು ವಿರಾರ್, ಕಲ್ಯಾಣ್, ಪನ್ವೇಲ್ ಲೋಕಲುಗಳದ್ದು ಎಂದು ಯಾರಾದರೂ ಲೆಕ್ಕ ಹಾಕಬೇಕು. ಮೇ ತಿಂಗಳಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವಾಗ ಫ್ರಿಜ್ಜಿನ ಮೇಲೆ ಮರೆತು ಬಿಟ್ಟ ಮಾತ್ರೆಗಳದ್ದು ಇನ್ನೊಂದು ಪಾಲು. ಯೂರೋಪಿನಲ್ಲಿ ಇಂಥ ರೋಗಿಗಳ ಮೂತ್ರ ಪರೀಕ್ಷಿಸಿ ನೋಡಿದಾಗಲೂ ದೊಡ್ಡ ಪಾಲಿನವರಲ್ಲಿ ಬರೆದುಕೊಟ್ಟ ಔಷಧಗಳ ಸುಳಿವೇ ಪೂರ್ತಿ ಇರಲಿಲ್ಲ. ಅವರನ್ನು ಬೇಜವಾಬ್ದಾರಿಗಳೆಂದು ಕರೆಯುವವರೊಡನೆ ನನ್ನ ತಕರಾರಿದೆ. ಮಾತ್ರೆ ಬರೆದುಕೊಡುವವರು ರೋಗಿ ಬೆಳಿಗ್ಗೆ ಎಷ್ಟು ಗಂಟೆಗೆ ಯಾವ ಗಾಡಿ ಹಿಡಿಯುತ್ತಾನೆ ಎಂದು ಕೇಳಬೇಕು.

ಈ ಡಾಕ್ಟರು ಕೇಳಿದರು. "ಹೋಟೆಲಿಗೆ ತಲುಪಿ ಗಲ್ಲಾದಲ್ಲಿ ಕೂತ ಮೇಲೆ ನುಂಗಿ. ಅಲ್ಲಿ ವ್ಯವಸ್ಥೆ ಇದೆಯಲ್ಲ?" ಇತ್ತು. ಚೀಲದಲ್ಲಿ ಇನ್ನೆರಡು ವಸ್ತುಗಳಿದ್ದವು. ಒಂದು, ಇಡೀ ದಿನ ನಿಂತು ಮೊಣಕಾಲು ನೋಯುತ್ತದೆಂದು ದಿನಾ ನುಂಗುವ ನೋವಿನ ಮಾತ್ರೆ. ಇನ್ನೊಂದು, ಗಂಟಲಿಗೆಂದು ಜಗಿಯುವ ಜ್ಯೇಷ್ಠಮಧು. ಎರಡೂ ಬೀಪಿ ಏರಿಸುತ್ತವೆ. ನೋವಿನ ಮಾತ್ರೆ ಕಿಡ್ನಿಯಲ್ಲಿ ಉಪ್ಪು, ನೀರು ನಿಲ್ಲಿಸುತ್ತದೆ. ಜ್ಯೇಷ್ಠಮಧು ದಿನವೂ ಹೆಚ್ಚು ತಿಂದರೆ ಆಲ್ಡೊಸ್ಟಿರೋನ್ ಹಾರ್ಮೋನು ಉಕ್ಕಿದಾಗ ಆಗುವುದನ್ನೇ ಮಾಡುತ್ತದೆ. ಎರಡನ್ನೂ ಬದಿಗಿಟ್ಟರು. ಆಮೇಲೆ ಬೀಪಿ ನೋಡುವ ಕ್ರಮ. ಭಾವನನ್ನು ಐದು ನಿಮಿಷ ಸುಮ್ಮನೆ ಕೂರಿಸಿದರು. ಬೆನ್ನಿಗೆ ಆಸರೆ, ಎರಡೂ ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಮೂತ್ರ ಮಾಡಿ ಬಂದಿರಬೇಕು, ಮಾತಾಡಬಾರದು. ತೋಳಿನ ಪಟ್ಟಿಯನ್ನೂ ಬದಲಿಸಿದರು. ಭಾವನ ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬೀಪಿ ಇಲ್ಲದ ಎತ್ತರಕ್ಕೆ ಹೋಗುತ್ತದೆ. ಆ ಕೋಣೆಯಲ್ಲೇ, ಒಂದು ಮಾತ್ರೆಯೂ ಬದಲಾಗದೆ, 172 ಇದ್ದದ್ದು 160 ಆಯಿತು.

ಇಷ್ಟಾದ ಮೇಲೂ ಇಳಿಯದಿದ್ದರೆ ಹುಡುಕುವುದು ಇನ್ನೂ ಇರುತ್ತದೆ. ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇದೆಯೇ, ಕಿಡ್ನಿಯ ನಾಳ ಕಿರಿದಾಗಿದೆಯೇ, ಅಡ್ರಿನಲ್ ಗ್ರಂಥಿ ಆಲ್ಡೊಸ್ಟಿರೋನನ್ನು ಅತಿಯಾಗಿ ಸುರಿಸುತ್ತಿದೆಯೇ. ಕೊನೆಯದನ್ನು ಪತ್ತೆ ಮಾಡಲು ಒಂದು ರಕ್ತಪರೀಕ್ಷೆಯಿಂದ ಶುರು ಮಾಡಬಹುದು. ಆದರೂ ಬಹಳ ಮಂದಿಗೆ ಅದನ್ನು ಮಾಡಿಸುವುದೇ ಇಲ್ಲ. ಮೂರು ಮಾತ್ರೆಗೆ ಬಗ್ಗದವರಿಗೆ ನಾಲ್ಕನೆಯದು ಯಾವುದು ಒಳ್ಳೆಯದೆಂದು ಬ್ರಿಟನ್ನಿನಲ್ಲಿ ನೋಡಿದಾಗ, 2015ರಲ್ಲಿ, ಗೆದ್ದದ್ದು ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ ಅಗ್ಗದ ಮಾತ್ರೆ. ಪೊಟ್ಯಾಸಿಯಂ ಏರದಂತೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು, ಅಷ್ಟೇ. ಲಕ್ಷಗಟ್ಟಲೆ ಖರ್ಚು ಮಾಡುವ ಮುಂಚೆ ಈ ಹಾದಿಯೆಲ್ಲ ನಡೆದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆ ನಡೆಸದೆ ನೇರ ಮೇಜಿನ ಮೇಲೆ ಮಲಗಿಸುವವರ ಬಳಿ ಹೋಗಬಾರದು.

ಉಪ್ಪಿನ ಬಗ್ಗೆ ಹೇಳದಿದ್ದರೆ ನಡೆಯದು, ಹೆಚ್ಚು ಹೇಳಿದರೆ ಯಾರೂ ಕೇಳುವುದಿಲ್ಲ. ಪಾಲಿಕೆಯ ಆ ಸಮೀಕ್ಷೆಯ ಪ್ರಕಾರ ಮುಂಬಯಿಯವರು ದಿನಕ್ಕೆ ಸುಮಾರು ಎಂಟೂವರೆ ಗ್ರಾಂ ಉಪ್ಪು ತಿನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಐದರೊಳಗೆ. ಕರಾವಳಿಯವರ ಮನೆಗೆ ಊರಿನಿಂದ ಬರುವ ಡಬ್ಬಗಳನ್ನು ನೆನೆಸಿಕೊಳ್ಳಿ: ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಒಣಮೀನು. ಗಂಜಿ ಊಟವೆಂದರೆ ಇವೇ. ನನ್ನ ಅಕ್ಕ ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೇರಿಸಿದಳು. ಭಾವ ಒಂದು ವಾರ ಮಾತು ಬಿಟ್ಟರು. ಉಪ್ಪಿಗಿಂತ ರುಚಿಯಿಲ್ಲ ಎಂದ ನಮ್ಮವರ ಕಷ್ಟ ನನಗೆ ಅರ್ಥವಾಗುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮನೆಯಲ್ಲಿ ನೋಡಿದ ಬೀಪಿ 138/84ರ ಆಸುಪಾಸಿಗೆ ಬಂತು. ಡಿನರ್ವೇಶನ್ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಹಾಗೆಂದು ಆ ಚಿಕಿತ್ಸೆ ಯಾರಿಗೂ ಬೇಡವೆಂದಲ್ಲ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದ ಒಬ್ಬರು ಭಾಂಡುಪಿನಲ್ಲಿದ್ದಾರೆ, ನಮಗೆಲ್ಲ ಅಕ್ಕ. ಐದು ಮಾತ್ರೆ, ಒಂದನ್ನೂ ತಪ್ಪಿಸಿದವರಲ್ಲ. ಬೀಪಿಯನ್ನು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, 150 ದಾಟಿದರೆ ಕೆಂಪು ಶಾಯಿ. ಒಂದು ಇಡೀ ವರ್ಷದ ಪುಟಗಳು ಕೆಂಪಾಗಿದ್ದವು. ಹಾರ್ಮೋನಿನ ಪರೀಕ್ಷೆ ಸರಿಯಿತ್ತು, ನಿದ್ದೆಯ ಪರೀಕ್ಷೆ ಸರಿಯಿತ್ತು, ಕಿಡ್ನಿಯ ನಾಳಗಳೂ ಸರಿಯಿದ್ದವು. ಸ್ಪೈರೊನೊಲ್ಯಾಕ್ಟೋನ್ ಕೊಟ್ಟಾಗ ಪೊಟ್ಯಾಸಿಯಂ ಏರಿ ನಿಲ್ಲಿಸಬೇಕಾಯಿತು. ಅವರ ತಾಯಿ ಪಾರ್ಶ್ವವಾಯು ಬಡಿದು ಏಳು ವರ್ಷ ಹಾಸಿಗೆಯಲ್ಲಿದ್ದವರು; ಆ ಶುಶ್ರೂಷೆಯನ್ನೆಲ್ಲ ಮಾಡಿದವರು ಇವರೇ. ಅಂಥವರಿಗಾಗಿಯೇ ಈ ಚಿಕಿತ್ಸೆ ಇರುವುದು. ಅಕ್ಕ ಮಾಡಿಸಿಕೊಂಡರು, ಮಾರನೆಯ ದಿನ ಮನೆಗೆ ಬಂದರು. ಮೊದಲ ಕೆಲವು ವಾರ ನೋಟ್‌ಬುಕ್ಕಿನಲ್ಲಿ ಏನೂ ಬದಲಾಗಲಿಲ್ಲ, ನಮಗೆಲ್ಲ ಆತಂಕ. ಇದರ ಫಲ ವಾರಗಳಲ್ಲಿ, ತಿಂಗಳುಗಳಲ್ಲಿ ನಿಧಾನಕ್ಕೆ ಕಾಣುವಂಥದು. ಆರು ತಿಂಗಳಿಗೆ ತೋಳಿಗೆ ಯಂತ್ರ ಕಟ್ಟಿ 24 ಗಂಟೆ ಅಳೆದಾಗ ಸರಾಸರಿ 158ರಿಂದ 147ಕ್ಕೆ ಇಳಿದಿತ್ತು. ಐದು ಮಾತ್ರೆ ನಾಲ್ಕಾಯಿತು.

ಆ ದಿನ ಅವರ ಜೊತೆ ನಾನೂ ಹೋಗಿದ್ದೆ. ಡಾಕ್ಟರು ಸಂತೋಷದಿಂದ ವರದಿ ತೋರಿಸುತ್ತಿದ್ದರು. ಅಕ್ಕ ಕೇಳಿದರು: "ಸುಟ್ಟ ನರ ಮತ್ತೆ ಚಿಗುರುವುದಿಲ್ಲವಾ ಡಾಕ್ಟ್ರೇ?" ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಕುರಿಗಳಲ್ಲಿ ಚಿಗುರಿದ್ದನ್ನು ನೋಡಿದ್ದಾರೆ. ಕಿಡ್ನಿ ಕಸಿ ಮಾಡಿದವರಲ್ಲೂ ಹೊಸ ಕಿಡ್ನಿಗೆ ನರ ಮತ್ತೆ ಹಬ್ಬುತ್ತದೆ. ಆದರೂ ಚಿಕಿತ್ಸೆ ಪಡೆದವರಲ್ಲಿ ಮೂರು ವರ್ಷದವರೆಗೆ ಬೀಪಿ ಇಳಿದೇ ಇದೆ; ಅದಕ್ಕೂ ಮುಂದಿನ ಲೆಕ್ಕ ಸಣ್ಣ ಗುಂಪುಗಳದ್ದು ಮಾತ್ರ ಇದೆ.

"ಹಾಗಾದ್ರೆ ನಾನು ವರ್ಷಕ್ಕೊಮ್ಮೆ ಬಂದು ಈ ಪಟ್ಟಿ ಕಟ್ಟಿಸಿಕೊಂಡು ಹೋಗ್ತೇನೆ," ಎಂದರು ಅಕ್ಕ, ನೋಟ್‌ಬುಕ್ಕು ಮುಚ್ಚುತ್ತಾ. "ಇಳಿದ್ರೂ ಸರಿ, ಏರಿದ್ರೂ ಸರಿ, ನೀವು ಬರೆದಿಡಿ."